ಗೆರೆ ಕಾಣದಂತೆ ಬಣ್ಣ ಕೂಡಿಸುವ ಡೋಬ್ರಿಂಕಾ

ಬೆಳಗಿನ ಏಳು ಗಂಟೆ. ಗಾಬ್ರೊವೊ ಊರಿನ ನಡುವೆ ಹರಿಯುವ ಯಾಂತ್ರಾ ಹೊಳೆಯ ಮೇಲೆ ಇನ್ನೂ ಮಂಜು ಕವಿದಿದೆ. ಸೇತುವೆ ಪಕ್ಕದ ಸಲೂನಿನಲ್ಲಿ ಆಗಲೇ ದೀಪ ಹತ್ತಿದೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ರಾಲಿತ್ಸಾ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಳೆ. ಅವಳ ಕೂದಲು ನವಿಲಿನ ಕತ್ತಿನ ನೀಲಿ. ಬುಡದಲ್ಲಿ ಮಾತ್ರ ಐದು ತಿಂಗಳಲ್ಲಿ ಬೆಳೆದ ಮೂರು ಬೆರಳಗಲ ಹುಟ್ಟಿನ ಕಂದು ಬಣ್ಣ ಈಗೀಗ ಕಾಣತೊಡಗಿದೆ.

"ತಲೆ ನೆಟ್ಟಗಿಡು ಮಗಳೇ. ಹಿಂಗೆ ವಾಲಿದ್ರೆ ಕಿವಿನೂ ನೀಲಿ ಆಗುತ್ತೆ," ಎನ್ನುತ್ತಾರೆ ಹಿಂದೆ ನಿಂತ ಡೋಬ್ರಿಂಕಾ.

"ಆಗ್ಲಿ ಬಿಡಿ ಚಿಕ್ಕಮ್ಮ. ನಮ್ಮ ವಾರ್ಡಿನ ತಾತಂದಿರಿಗೆ ಹೊತ್ತು ಹೋಗುತ್ತೆ," ಎಂದು ರಾಲಿತ್ಸಾ ಕಣ್ಣು ಮುಚ್ಚಿಕೊಂಡೇ ಉತ್ತರಿಸುತ್ತಾಳೆ.

ಗಿರಾಕಿಗಳೆಲ್ಲ ಚಿಕ್ಕಮ್ಮ ಎಂದೇ ಕರೆಯುವ ಡೋಬ್ರಿಂಕಾಗೆ ಐವತ್ತೊಂಬತ್ತು ವರ್ಷ. ಅವರ ಬಟ್ಟಲಲ್ಲಿರುವುದು ಕಂದೂ ಅಲ್ಲದ, ನೀಲಿಯೂ ಅಲ್ಲದ, ಮಳೆಗೆ ಮುಂಚಿನ ಮೋಡದಂಥ ಬಣ್ಣ. ಕೂದಲನ್ನು ತೆಳ್ಳಗೆ ಎಳೆ ಎಳೆಯಾಗಿ ಬಿಡಿಸಿ, ಬುಡಕ್ಕೆ ಹಚ್ಚಿ, ಬಾಚಣಿಗೆಯಿಂದ ಕೆಳಗೆಳೆಯುತ್ತಾರೆ. ಒಂದು ಎಳೆಯಲ್ಲಿ ಎರಡು ಬೆರಳು, ಪಕ್ಕದ್ದರಲ್ಲಿ ನಾಲ್ಕು. "ಒಂದೇ ಮಟ್ಟಕ್ಕೆ ನಿಲ್ಲಿಸಿದ್ರೆ ಗೆರೆ ಬೀಳುತ್ತೆ. ಗೆರೆ ಬಿತ್ತು ಅಂದ್ರೆ ಕೆಲಸ ಕೆಟ್ಟಿತು ಅಂತಲೇ," ಎನ್ನುತ್ತಾರೆ.

ಬಣ್ಣ ಹೊಂದಿಸುವ ಈ ಕಣ್ಣು ಅವರಿಗೆ ಸಲೂನಿನಲ್ಲಿ ಬಂದದ್ದಲ್ಲ. ಹೊಳೆಯ ಆಚೆ ದಡದ ಉಣ್ಣೆ ಗಿರಣಿಯ ಬಣ್ಣದ ಮನೆಯಲ್ಲಿ ಅವರು ಹತ್ತೊಂಬತ್ತು ವರ್ಷ ದುಡಿದರು. ನಿನ್ನೆ ಅದ್ದಿದ ನೂಲಿಗೂ ಇವತ್ತು ಅದ್ದಿದ ನೂಲಿಗೂ ವ್ಯತ್ಯಾಸ ತಿಳಿಯದಂತೆ ಬಣ್ಣ ಹೊಂದಿಸುವುದು ಅವರ ಕೆಲಸವಾಗಿತ್ತು. ಗಿರಣಿ ಮುಚ್ಚಿತು. ಗಂಡ ಅದೇ ಚಳಿಗಾಲದಲ್ಲಿ ತೀರಿಕೊಂಡರು. ಡೋಬ್ರಿಂಕಾ ಈ ಸಲೂನಿಗೆ ನೆಲ ಗುಡಿಸಲು ಸೇರಿದರು. ಆರು ವರ್ಷ ಕತ್ತರಿಸಿ ಬಿದ್ದ ಕೂದಲನ್ನಷ್ಟೇ ಮುಟ್ಟಿದರು.

ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನ ಇದೇ ರಾಲಿತ್ಸಾ ಅಳುತ್ತಾ ಒಳಗೆ ಬಂದಳು. ಮರುದಿನ ನರ್ಸಿಂಗ್ ಪದವಿಯ ಸಮಾರಂಭ. ಮನೆಯಲ್ಲೇ ಬುಡದ ಬಣ್ಣ ತೆಗೆಯಲು ಹೋಗಿ, ನೀಲಿ ಕೂದಲಿನ ಮೇಲೆ ಹಳದಿ ಪಟ್ಟಿ ಎಬ್ಬಿಸಿಕೊಂಡಿದ್ದಳು. ಸಲೂನಿನ ಒಡತಿ ಕಲೀನಾ ಕೂದಲು ಮುಟ್ಟಿ ನೋಡಿ, "ಇನ್ನೊಂದ್ಸಲ ಬಣ್ಣ ತೆಗೆದ್ರೆ ಕೂದಲೇ ಉದುರುತ್ತೆ. ಗಿಡ್ಡಕ್ಕೆ ಕತ್ತರಿಸೋಣ," ಎಂದು ಕತ್ತರಿ ಎತ್ತಿಕೊಂಡರು.

ಮೂಲೆಯಲ್ಲಿ ಪೊರಕೆ ಹಿಡಿದಿದ್ದ ಡೋಬ್ರಿಂಕಾ ತಡೆದರು. "ತೆಗೆಯೋದು ಯಾಕೆ? ಹಳದಿ ಮೇಲೆ ಹಚ್ಚಿದ್ರೆ ಆಯ್ತಲ್ಲ. ಕಂದಿಗೂ ನೀಲಿಗೂ ನಡುವೆ ಒಂದು ಬಣ್ಣ ಸಾಲ್ದು, ಮೂರು ಬೇಕು."

"ನೀನು ಯಾವಾಗಿಂದ ಬಣ್ಣದೋಳಾದೆ?" ಎಂದರು ಕಲೀನಾ.

"ನೀನು ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದಾಗಿಂದ."

ಮೊದಲು ಒಂದೇ ಎಳೆಗೆ ಹಚ್ಚಿ ನೋಡಿದರು. ಹಳದಿ ಅಡಗಿತು. ಸಂಜೆ ರಾಲಿತ್ಸಾ ಕನ್ನಡಿಗೆ ಬೆನ್ನು ತಿರುಗಿಸಿ, ಕೈಗನ್ನಡಿಯಲ್ಲಿ ಬಹಳ ಹೊತ್ತು ಪಟ್ಟಿಯನ್ನು ಹುಡುಕಿದಳು. ಸಿಗಲಿಲ್ಲ. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ಆದರೆ ಹೊಸ ತಂಟೆ ಹುಟ್ಟಿತು. ಡೋಬ್ರಿಂಕಾ ಕೂಡಿಸಿದ ಬಣ್ಣದ ಕೆಳಗೆ ಕೂದಲು ಬೆಳೆದದ್ದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದವರು ನಾಲ್ಕು ತಿಂಗಳಾದರೂ ಇತ್ತ ತಲೆ ಹಾಕಲಿಲ್ಲ. ಜಿಪುಣತನಕ್ಕೆ ಹೆಸರಾದ ನಮ್ಮೂರಿಗೆ ಇದಕ್ಕಿಂತ ಇನ್ನೇನು ಬೇಕು? ಕಲೀನಾಗೆ ಮಾತ್ರ ಖಾಲಿ ಕುರ್ಚಿ ನೋಡಿ ಹೊಟ್ಟೆ ಉರಿಯಿತು. "ಸ್ವಲ್ಪ ಗೆರೆ ಉಳಿಸು. ಇಲ್ಲಾಂದ್ರೆ ಪೊರಕೆ ವಾಪಸ್ ಹಿಡಿ," ಎಂದರು.

"ಪೊರಕೆ ಕೊಡು," ಎಂದರು ಡೋಬ್ರಿಂಕಾ.

ಮೂರು ವಾರ ಗುಡಿಸಿದರು. ಅಷ್ಟರಲ್ಲಿ ರಾಲಿತ್ಸಾಳ ಆಸ್ಪತ್ರೆಯಿಂದ ಒಬ್ಬೊಬ್ಬರೇ ಬಂದು, "ಚಿಕ್ಕಮ್ಮ ಬಣ್ಣ ಹಚ್ತಾರಾ?" ಎಂದು ಕೇಳಿ, ಇಲ್ಲವೆಂದರೆ ಬಾಗಿಲಲ್ಲೇ ತಿರುಗಿ ಹೋಗತೊಡಗಿದರು. ಆಮೇಲೆ ಪಕ್ಕದ ಊರುಗಳಿಂದಲೂ ಬಂದರು. ನಾಲ್ಕನೆಯ ವಾರ ಕಲೀನಾ ತಾವೇ ಪೊರಕೆ ಕಸಿದುಕೊಂಡರು. "ನಾನು ಹಾಗಂದಿದ್ದು ತಪ್ಪು," ಎಂದು ಈಗ ನನ್ನೆದುರೇ ಹೇಳುತ್ತಾರೆ. "ಆದ್ರೂ ಇವಳ ಹಟ ಕತ್ತೆಗೂ ಇಲ್ಲ."

ಈಗ ದಿನಕ್ಕೆ ನಾಲ್ಕು ತಲೆ, ಒಂದೊಂದಕ್ಕೂ ಎರಡು ಗಂಟೆ. ಐದನೆಯದನ್ನು ಡೋಬ್ರಿಂಕಾ ಒಪ್ಪುವುದಿಲ್ಲ. ಹಗಲ ಬೆಳಕು ಇಳಿದ ಮೇಲೆ ಬಣ್ಣ ಸುಳ್ಳು ಹೇಳುತ್ತದಂತೆ. ಮಂಡಿ ನೋವಿಗೆ ಸ್ಟೂಲು ಇದೆ, ಆದರೆ ಅದರ ಮೇಲೆ ಸದಾ ಬಣ್ಣದ ಬಟ್ಟಲುಗಳು. ತಮ್ಮ ನರೆಗೂದಲಿಗೆ ಮಾತ್ರ ಇವತ್ತಿನವರೆಗೂ ಏನನ್ನೂ ಹಚ್ಚಿಲ್ಲ.

ಒಂಬತ್ತರ ಹೊತ್ತಿಗೆ ರಾಲಿತ್ಸಾ ಮನೆಗೆ ಹೋಗುತ್ತಾಳೆ. ಡೋಬ್ರಿಂಕಾ ಚೀಸ್ ತುಂಬಿದ ಪದರದ ತಿಂಡಿ ಬಾನಿತ್ಸಾವನ್ನು ಮುರಿದು ನನಗೂ ಒಂದು ತುಂಡು ಕೊಡುತ್ತಾರೆ. ಅವರಿಗೆ ಹೆಮ್ಮೆಯೆನಿಸಿದ ದಿನ ಯಾವುದೆಂದು ಕೇಳುತ್ತೇನೆ. ಅವರು ಬೆರಳಿಗಂಟಿದ ಚೂರುಗಳನ್ನು ಒರೆಸಿಕೊಳ್ಳುತ್ತಾರೆ.

"ಹೋದ ತಿಂಗಳು ಬಸ್ಸಲ್ಲಿ ಮುಂದಿನ ಸೀಟಲ್ಲಿ ಒಂದು ಹುಡುಗಿ ಕೂತಿದ್ಲು. ನೇರಳೆ ಕೂದಲು. ಎಲ್ಲಿ ಕೂಡಿಸಿದಾರೆ ಅಂತ ಹುಡುಕ್ತಾನೇ ಇದ್ದೆ, ಸಿಗ್ಲೇ ಇಲ್ಲ. ಯಾರೋ ನನಗಿಂತ ಜಾಣೆ ಇದಾಳೆ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು. ಆಮೇಲೆ ಅವಳು ತಿರುಗಿ, 'ನಮಸ್ಕಾರ ಚಿಕ್ಕಮ್ಮ' ಅಂದ್ಲು. ನಾನೇ ಮಾಡಿದ್ದ ತಲೆ ಅದು. ಅಷ್ಟೊತ್ತಿಗೆ ಬಸ್ಸು ನಾನು ಇಳಿಯೋ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿತ್ತು. ನಡ್ಕೊಂಡೇ ವಾಪಸ್ ಬಂದೆ. ಮಂಡಿ ನೋವು ನೆನಪೇ ಆಗ್ಲಿಲ್ಲ."