ಹನ್ನೆರಡನೆಯ ಮೈಲಿಯಲ್ಲಿ ನಿಲ್ಲುತ್ತಿದ್ದ ಗಾಡಿ

ಸರ್ಕಾರಿ ಫಸಲಿ ವರ್ಷ ೧೩೪೧, ಅಂದರೆ ೧೯೩೧ರ ನವೆಂಬರಿನಲ್ಲಿ, ದೈ ತಿಂಗಳ ಹತ್ತರಂದು ನಾನು ಕಲಬುರ್ಗಿಯ ಸರ್ಕಾರಿ ಮೋಟಾರು ಶೆಡ್ಡಿಗೆ ಫಿಟರ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಶೆಡ್ಡಿನ ಹಿರಿಯರು ಖಾದರ್ ಮಿಯಾ ಉಸ್ತಾದರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ನಾನು ಹಾಗಲ್ಲ, ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದೆ: ತಾರೀಖು, ಮೈಲಿ, ಪೆಟ್ರೋಲು, ಕೆಟ್ಟದ್ದು, ರಿಪೇರಿ ಮಾಡಿದ್ದು.

ನಮ್ಮಲ್ಲಿದ್ದ ಅತಿ ಹಳೆಯ ಗಾಡಿ ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರ ಮೋಟಾರ್ ಸೈಕಲ್ಲು. ೧೯೧೪ರ ಲಡಾಯಿಯ ಕಾಲದ್ದು, ಒಂದೇ ಸಿಲಿಂಡರು. ಡಾಕ್ಟರು ಹಳ್ಳಿಯ ರೋಗಿಗಳನ್ನು ನೋಡಲು ಅದರ ಮೇಲೆಯೇ ಹೋಗುತ್ತಿದ್ದರು.

ಮುಂದಿನ ತಿಂಗಳು, ಬಹಮನ್ ೫ರಂದು, ಅದು ಮೊದಲ ಸಲ ನಿಂತಿತು. ಕಮಲಾಪುರದ ದಾರಿ, ಹನ್ನೆರಡನೆಯ ಮೈಲಿ, ಮಹಾಗಾಂವದ ಈಚೆ. ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಡಾಕ್ಟರು ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ನೋಡಿದರು. ಪೆಟ್ರೋಲು ಇತ್ತು. ಮುಚ್ಚಳ ಹಾಕಿ ಕಿಕ್ ಒದ್ದರೆ ಎಂಜಿನ್ನು ಶುರುವಾಯಿತು. ಮರುತಿಂಗಳು ಇಸ್ಫಂದಾರ್ ೪ರಂದು ಹೀಗೆಯೇ ಆಯಿತು, ಅದರ ಮುಂದಿನ ತಿಂಗಳು ಫರ್ವರ್ದಿ ೪ರಂದು ಮತ್ತೆ. ನಡುವಿನ ದಿನಗಳಲ್ಲಿ ಗಾಡಿಗೆ ಯಾವ ದೂರೂ ಇರಲಿಲ್ಲ.

ಉಸ್ತಾದರು ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಬಿಚ್ಚಿ ನೋಡಿದರು, ಕಾರ್ಬುರೇಟರು ತೊಳೆದರು. ಶೆಡ್ಡಿನಲ್ಲಿ ಎಂಜಿನ್ನನ್ನು ಎರಡು ತಾಸು ನಿಂತಲ್ಲೇ ಓಡಿಸಿದೆವು. ಪೆಟ್ರೋಲು ಎಷ್ಟು ಇಳಿಯುತ್ತದೆ ಎಂದು ಕಡ್ಡಿ ಅದ್ದಿ ಅಳೆಯಲು ನಾನು ಮುಚ್ಚಳವನ್ನು ತೆಗೆದೇ ಇಟ್ಟಿದ್ದೆ. ಒಮ್ಮೆಯೂ ನಿಲ್ಲಲಿಲ್ಲ.

ಉಸ್ತಾದರು ಬೀಡಿ ಹಚ್ಚುತ್ತ ನಕ್ಕರು. “ನೀ ಬಂದ ಮ್ಯಾಲೇ ಇದಕ್ಕ ನಖರಾ ಸುರು ಆಗ್ಯಾದ ನೋಡು, ಶರಣು. ನಿನ್ನ ಮಾರಿ ನೋಡಿ ನಾಚಕೋತದೋ ಏನೋ.”

ನಾನು ಪುಸ್ತಕ ತೆರೆದೆ. ಮೂರೂ ಸಲ ತಿಂಗಳ ಮೊದಲ ವಾರ. ರೈಲಿನಲ್ಲಿ ಬರುವ ಹೊಸ ಪೆಟ್ರೋಲ್ ಡಬ್ಬಿಗಳನ್ನು ಸ್ಟೇಶನ್ ಬಜಾರದಿಂದ ತರುತ್ತಿದ್ದುದು ಪ್ರತಿ ತಿಂಗಳು ಒಂದನೆಯ ತಾರೀಖು. ಹಾಗಾದರೆ ಕಸ ಪೆಟ್ರೋಲಿನಲ್ಲಿದೆ ಎಂದು ತೀರ್ಮಾನಿಸಿದೆ. ಉಸ್ತಾದರು ಪೆಟ್ರೋಲನ್ನು ಚರ್ಮದಲ್ಲಿ ಸೋಸಿ ತೋರಿಸಿದರು. “ಸಾಫ್ ಅದಲ್ಲೋ.”

“ಲೆಕ್ಕ ಸುಳ್ಳ ಹೇಳಂಗಿಲ್ರೀ ಉಸ್ತಾದ್,” ಎಂದೆ. ಡಬ್ಬಿಯಲ್ಲಿ ಕಸವಿಲ್ಲದಿದ್ದರೆ ದಾರಿಯಲ್ಲಿ ಮುಚ್ಚಳ ತೆಗೆದಾಗ ಧೂಳು ಬೀಳುತ್ತಿರಬೇಕು ಎಂದು ವಾದಿಸಿದೆ. ಒಂದು ಕಾರ್ಡು ಬರೆದೆ: ದಾರಿಯಲ್ಲಿ ಟಾಕಿಯ ಮುಚ್ಚಳ ತೆಗೆಯಕೂಡದು, ಗಾಡಿ ನಿಂತರೆ ಪ್ಲಗ್ಗು ಬದಲಿಸಬೇಕು. ಹಿರಿಯರೆಂದು ಉಸ್ತಾದರು ಕೆಳಗೆ ಸಹಿ ಹಾಕಿದರು. ಅದನ್ನು ಹ್ಯಾಂಡಲ್ಲಿಗೆ ಕಟ್ಟಿದೆ.

ಮುಂದಿನ ತಿಂಗಳು, ಅರ್ದಿಬಿಹಿಷ್ತ್ ೩ರ ಬೆಳಿಗ್ಗೆ, ಕಮಲಾಪುರದಿಂದ ಬಸಣ್ಣ ಎಂಬವನು ಕುದುರೆಯ ಮೇಲೆ ದವಾಖಾನೆಗೆ ಬಂದ. ಕೆಂಪು ಬಾಳೆಯ ತೋಟದವನು. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ, ಸೂಲಗಿತ್ತಿ ಕೈಚೆಲ್ಲಿದ್ದಳು. ಡಾಕ್ಟರು ಹನ್ನೊಂದು ಇಪ್ಪತ್ತಕ್ಕೆ ಹೊರಟರು. ಹನ್ನೆರಡನೆಯ ಮೈಲಿಯಲ್ಲಿ ಗಾಡಿ ನಿಂತಿತು. ಅವರು ಕಾರ್ಡಿನಲ್ಲಿದ್ದಂತೆಯೇ ನಡೆದರು. ಪ್ಲಗ್ಗು ಬದಲಿಸಿದರು, ಬಿಸಿಲಿನಲ್ಲಿ ತಳ್ಳಿದರು, ಮತ್ತೆ ಬದಲಿಸಿದರು. ಒಂದು ತಾಸು ಹತ್ತು ಮಿನಿಟಿನ ನಂತರ ಗಾಡಿ ತಾನಾಗಿಯೇ ಶುರುವಾಯಿತು. ಅವರು ಕಮಲಾಪುರ ಮುಟ್ಟುವ ಅರ್ಧ ತಾಸು ಮೊದಲು ಆ ಹೆಂಗಸು ತೀರಿಕೊಂಡಿದ್ದಳು. ಕೂಸು ಉಳಿದಿತ್ತು.

ಮೂರನೆಯ ದಿನ ಮೇಲಿನವರು, ಗಾಡಿ ಸರಿಯಿಡದ ತಪ್ಪಿಗೆ, ಉಸ್ತಾದರನ್ನು ಕೆಲಸದಿಂದ ತೆಗೆದರು. ಕಾರ್ಡಿನ ಅಕ್ಷರ ನನ್ನದು, ಸಹಿ ಅವರದು. ನಾನು ಅಲ್ಲೇ ನಿಂತಿದ್ದೆ. ಕಾರ್ಡಿನಲ್ಲಿ ತಪ್ಪಿಲ್ಲ, ಉಸ್ತಾದರೇ ಮ್ಯಾಗ್ನೆಟೊ ಸರಿಯಾಗಿ ನೋಡಿಲ್ಲ ಎಂದು ನಂಬಿದ್ದೆ. ಬಾಯಿ ಬಿಡಲಿಲ್ಲ.

ಮರುತಿಂಗಳು, ಖುರ್ದಾದ್ ೧, ಅಮಾವಾಸ್ಯೆ. ಬ್ರಹ್ಮಪುರದ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ದುಡಿಯುವ ಸಾಮಾನಿಗೆ ಪೂಜೆ ಮಾಡುವುದು ರೂಢಿ. ಶೆಡ್ಡಿನಲ್ಲೂ ಸೇರಿದಂದಿನಿಂದ ಅದನ್ನು ನಡೆಸಿಕೊಂಡು ಬಂದಿದ್ದೆ. ಮೋಟಾರ್ ಸೈಕಲ್ಲಿನ ದೀಪಕ್ಕೆ ವಿಭೂತಿ. ಟಾಕಿಯ ಮುಚ್ಚಳ ಹಣೆಯಂತೆ ದುಂಡಗಿದ್ದುದರಿಂದ ಅದರ ನಟ್ಟನಡುವೆ ಗಂಧದ ಬೊಟ್ಟು. ಅಂದು ಪೂಜೆಯಾದ ಮೇಲೆ ಪೆಟ್ರೋಲು ತುಂಬುವುದು ನೆನಪಾಗಿ ಮುಚ್ಚಳ ತಿರುಗಿಸಿದೆ. ಅದರ ಒಳಮೈಯಲ್ಲಿ ಸಾಸಿವೆಯಷ್ಟು ಹಸಿ ಗಂಧ ಇಳಿದಿತ್ತು.

ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ತೂತು. ಪೆಟ್ರೋಲು ಇಳಿದಂತೆ ಟಾಕಿಗೆ ಗಾಳಿ ಹೋಗುವುದು ಅದರಿಂದ. ಅದು ಮುಚ್ಚಿದರೆ ಟಾಕಿಯೊಳಗಿನ ಗಾಳಿ ಹನ್ನೆರಡು ಮೈಲಿಗಷ್ಟೇ ಸಾಕು, ಆಮೇಲೆ ಪೆಟ್ರೋಲು ಎಂಜಿನ್ನಿಗೆ ಇಳಿಯದು. ಮುಚ್ಚಳ ತೆಗೆದೊಡನೆ ಗಾಳಿ ನುಗ್ಗಿ ಎಲ್ಲ ಸರಿಯಾಗುತ್ತಿತ್ತು, ಒಣಗಿದ ಬೊಟ್ಟೂ ಉದುರಿ ಹೋಗುತ್ತಿತ್ತು. ನನ್ನ ಕಾರ್ಡು ಅದನ್ನೇ ತಡೆದಿತ್ತು; ಅಂದು ಬಿಸಿಲಿಗೆ ಬೊಟ್ಟು ಬಿರುಕು ಬಿಟ್ಟ ಮೇಲೆಯೇ ಗಾಡಿ ಹೊರಟಿತ್ತು. ಮನೆಗೆ ಓಡಿ ಪಂಚಾಂಗ ತೆಗೆದೆ. ಗಾಡಿ ನಿಂತ ನಾಲ್ಕೂ ದಿನದ ಹಿಂದಿನ ದಿನ ಅಮಾವಾಸ್ಯೆ.

ಗಂಧ ಒಣಗಲು ಬಿಟ್ಟು ಮರುದಿನ ನಾನೇ ಹೊರಟೆ. ಹನ್ನೆರಡನೆಯ ಮೈಲಿಯಲ್ಲಿ ಎಂಜಿನ್ನು ಸತ್ತಿತು. ಮುಚ್ಚಳ ಸಡಿಲಿಸಿದೆ. ಸುಂಯ್ ಎಂದು ಗಾಳಿ ಒಳಗೆ ಹೋಯಿತು. ಒಂದೇ ಒದೆತಕ್ಕೆ ಶುರುವಾಯಿತು.

ತಪ್ಪು ನನ್ನದೆಂದು ಅರ್ಜಿ ಬರೆದುಕೊಟ್ಟೆ. ಮೇಲಿನವರು ಅದರ ಮೇಲೆ ‘ದಾಖಲ್ ದಫ್ತರ್’ ಎಂದು ಬರೆದು, ವಿಚಾರಿಸದೆ ಕಡತದಲ್ಲಿ ಕಟ್ಟಿಟ್ಟರು. ಉಸ್ತಾದರ ಕೆಲಸ ಮರಳಿ ಬರಲಿಲ್ಲ. ಅವರು ಸ್ಟೇಶನ್ ಬಜಾರದಲ್ಲಿ ಚಾಪೆ ಹಾಸಿ ಸ್ಟೋ ರಿಪೇರಿ ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ.

“‘ನೀ ಬಂದ ಮ್ಯಾಲೇ ನಖರಾ’ ಅಂತ ನಾ ಮಸ್ಕಿರಿಗಿ ಅಂದಿದ್ದೇ ಖರೇ ಆಯ್ತಲ್ಲೋ,” ಎಂದರು. ನಗಲಿಲ್ಲ. “ಗಂಧ ಹಚ್ಚಿದ್ದು ಗುನ್ಹೆ ಅಲ್ಲ, ಬೇಟಾ. ಆದ್ರ ಊರ ಲೆಕ್ಕ ಎಲ್ಲಾ ಬರೀತಿದ್ದಿ, ಅದನ್ಯಾಕ ಬರೀಲಿಲ್ಲ?”

“ಅದು ಕೆಲಸ ಅಂತ ಅನಸಲಿಲ್ರೀ.”

ಅವರು ಸ್ಟೋವಿಗೆ ಗಾಳಿ ಹೊಡೆಯುತ್ತ ಆಚೆ ನೋಡಿದರು.

ಕಮಲಾಪುರಕ್ಕೂ ಹೋದೆ. ಬಸಣ್ಣ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ನಾನು ಹೇಳಿ ಮುಗಿಸುವವರೆಗೂ ಕೇಳಿದ. ಬೈಯಲಿಲ್ಲ.

“ಆ ದಿನದ್ದು ನಿಮ್ಮ ಪುಸ್ತಕದಾಗ ಏನಂತ ಬರದೀರಿ?” ಎಂದ.

‘ಕಮಲಾಪುರ, ಒಂದು ಕೇಸು’ ಎಂದು ಬರೆದಿದ್ದೆ. ಹಾಗೆಯೇ ಹೇಳಿದೆ.

“ಆಕಿ ಹೆಸರು ನಿಂಗಮ್ಮ ಅಂತ್ರೀ. ಬರಕೋರಿ.”

ಬರೆದುಕೊಂಡೆ. ಈಗ ನನ್ನ ಪುಸ್ತಕದಲ್ಲಿ ಎರಡು ಅಂಕಣ ಹೆಚ್ಚಿಗೆ ಇವೆ. ಒಂದರಲ್ಲಿ ಗಾಡಿ ಯಾರಿಗಾಗಿ ಹೋಯಿತು ಎಂದು ಹೆಸರು ಬರೆಯುತ್ತೇನೆ. ಇನ್ನೊಂದರಲ್ಲಿ, ರಿಪೇರಿಯಲ್ಲದಿದ್ದರೂ, ಅಂದು ನನ್ನ ಕೈ ಗಾಡಿಯನ್ನು ಎಲ್ಲೆಲ್ಲಿ ಮುಟ್ಟಿತು ಎಂಬುದನ್ನು. ಗಾಡಿ ಕೆಟ್ಟು ಬಂದರೆ ಮ್ಯಾಗ್ನೆಟೊಗಿಂತ ಮೊದಲು ಆ ಅಂಕಣ ಓದುತ್ತೇನೆ.