ಪಾಠ ಮುಗಿದ ಮೇಲಿನ ಒಂದು ಗಂಟೆ

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಹೆಸರಿಗೂ ಒಂದೊಂದು ಸನ್ನೆ. ಮೂರನೇ ತರಗತಿಯ ಟೀಚರ್ ಮಾತುಮಾತಿಗೂ ಕನ್ನಡಕ ಮೇಲೇರಿಸುತ್ತಿದ್ದಳು. ಮಕ್ಕಳು ಅದನ್ನೇ ಅವಳ ಹೆಸರು ಮಾಡಿಬಿಟ್ಟಿದ್ದರು. ಅವಳಿಗೂ ಹುಟ್ಟಿನಿಂದ ಕಿವಿ ಕೇಳದು. ಆದರೇನಂತೆ, ಇಡೀ ಶಾಲೆಯಲ್ಲಿ ಅವಳಷ್ಟು ವಾಚಾಳಿ ಇನ್ನೊಬ್ಬರಿರಲಿಲ್ಲ. ಮೆಟ್ಟಿಲು ಹತ್ತುತ್ತಾ ಕೈಯಲ್ಲೇ ಹರಟೆ, ಊಟದ ಡಬ್ಬಿ ಪಕ್ಕಕ್ಕಿಟ್ಟು ಹರಟೆ.

ಆ ಹಾಳು ರೋಗ ಬಂತು ನೋಡಿ, ಶಾಲೆಗೆ ಬೀಗ ಬಿತ್ತು. ಟೀಚರ್ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣ ಅತ್ತಿಗೆ ಕೆಟ್ಟವರೇನಲ್ಲ. ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದರು, ಜ್ವರ ಬಂದರೆ ಮಾತ್ರೆ ತರುತ್ತಿದ್ದರು. ಆದರೆ ಇಷ್ಟು ವರ್ಷದಲ್ಲಿ ಅವರು ಕಲಿತ ಸನ್ನೆ ನಾಲ್ಕೇ ನಾಲ್ಕು: ಊಟ, ಸ್ನಾನ, ಬಾ, ಬೇಡ. ಉಳಿದದ್ದಕ್ಕೆಲ್ಲ ಚೀಟಿ. ಎಲ್ಲರೂ ಕೂತು ನಗುವಾಗ ಏನು ವಿಷಯ ಎಂದು ಕೇಳಿದರೆ, ಆಮೇಲೆ ಎಂದು ಅಂಗೈ ಆಡಿಸುತ್ತಿದ್ದರು. ಆ ಆಮೇಲೆ ಯಾವತ್ತೂ ಬರಲಿಲ್ಲ.

ಪಾಠ ಫೋನಿಗೆ ಬಂತು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಎರಡೂ ಕೈ ಕಾಣುವಷ್ಟು ಹಿಂದೆ ಸರಿದು ಕಲಿಸುತ್ತಿದ್ದಳು. ನೆಟ್‌ವರ್ಕ್ ಕೈಕೊಟ್ಟರೆ ಮಕ್ಕಳ ಕೈ ಅರ್ಧ ಮಾತಿನಲ್ಲೇ ನಿಂತುಬಿಡುತ್ತಿತ್ತು. ಪಾಠ ಮುಗಿದು ಎಲ್ಲರೂ ಹೋದರೂ ಒಬ್ಬಳು ಮಾತ್ರ ಹೋಗುತ್ತಿರಲಿಲ್ಲ. ಕೆನ್ನೆಗೆ ಬೆರಳೊತ್ತಿದರೆ ಅವಳ ಹೆಸರು, ಗುಳಿಕೆನ್ನೆ. ಎಂಟು ವರ್ಷ. ಅವಳ ಮನೆಯಲ್ಲೂ ಯಾರಿಗೂ ಸನ್ನೆ ಬಾರದು. ಬೆಕ್ಕು ಮರಿ ಹಾಕಿದ್ದು, ಹಲ್ಲು ಬಿದ್ದದ್ದು, ಪಕ್ಕದ ಮನೆಯಜ್ಜ ಮಾಸ್ಕ್ ತೆಗೆಯದೆ ನೀರು ಕುಡಿಯಲು ಹೋದದ್ದು, ಒಂದು ಗಂಟೆ ಬಿಡುವಿಲ್ಲದ ಮಾತು. ಟೀಚರ್ ದಿನಕ್ಕೆ ಮನಸಾರೆ ಮಾತಾಡುತ್ತಿದ್ದದ್ದು ಅದೊಂದೇ ಗಂಟೆ. ಅದಕ್ಕಾಗಿಯೇ ಬೆಳಿಗ್ಗೆ ಏಳುತ್ತಿದ್ದಳು ಎಂದರೂ ಸರಿಯೇ.

ಒಂದು ದಿನ ಮಗುವಿನ ಅಮ್ಮನಿಂದ ಮೆಸೇಜು ಬಂತು. ಹೊಲಿಗೆ ಕಾರ್ಖಾನೆ ಮುಚ್ಚಿದೆ, ಮನೆಯಲ್ಲೇ ಇದ್ದೀನಿ, ಮಗಳ ಜೊತೆ ಮಾತಾಡೋಕೆ ನಂಗೂ ಕಲಿಸ್ತೀರಾ ಮೇಡಂ ಎಂದು. ಇದಕ್ಕಿಂತ ಒಳ್ಳೆ ಸುದ್ದಿ ಬೇಕೆ? ಟೀಚರ್ ಏನು ಮಾಡಿದಳು ಗೊತ್ತೆ, ಉತ್ತರವನ್ನೇ ಕೊಡಲಿಲ್ಲ. ಅಮ್ಮನೇ ಕಲಿತುಬಿಟ್ಟರೆ ಮಗು ತನ್ನ ಹತ್ತಿರ ಯಾಕೆ ಉಳಿಯುತ್ತೆ? ಹತ್ತು ದಿನ ಆ ಮೆಸೇಜನ್ನು ನೋಡಿಯೂ ನೋಡದ ಹಾಗಿದ್ದಳು. ಕೊನೆಗೆ ತನ್ನ ಹೊಟ್ಟೆಕಿಚ್ಚಿಗೆ ತಾನೇ ನಾಚಿ, ನಾಳೆಯಿಂದ ಕೂತ್ಕೊಳ್ಳಿ ಎಂದು ಬರೆದಳು.

ಅಮ್ಮ ಕೂತಳು. ಮೊದಮೊದಲು ಊಟಕ್ಕೆ ಬಾ ಅನ್ನಲು ಹೋಗಿ ಊಟ ಓಡಿಹೋಯ್ತು ಅಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಆದರೂ ಆ ಹೆಂಗಸು ಪಟ್ಟು ಬಿಡಲಿಲ್ಲ. ಹೊಲಿಗೆಯ ಕೈ ಅಲ್ಲವೇ, ಎರಡು ತಿಂಗಳಲ್ಲಿ ಬೆರಳು ಪಳಗಿದವು. ಇತ್ತ ಒಂದು ಗಂಟೆ ಅರ್ಧ ಗಂಟೆಯಾಯಿತು, ಆಮೇಲೆ ಹತ್ತು ನಿಮಿಷ.

ಆವತ್ತು ಪಾಠ ಮುಗಿದದ್ದೇ ತಡ ಗುಳಿಕೆನ್ನೆ ಎದ್ದಳು. ಅಮ್ಮ ಕಥೆ ಹೇಳ್ತಾಳೆ, ಹೋಗಬೇಕು ಎಂದಳು. ಏನು ಹೊಳೆಯಿತೋ, ಮತ್ತೆ ಕೂತು ಕೈಯಾಡಿಸಿದಳು:

“ಟೀಚರ್, ನಾನು ಹೋದ್ರೆ ನೀವು ಯಾರ ಹತ್ರ ಮಾತಾಡ್ತೀರಾ?”

ನಿಜ ಹೇಳಿದರೆ ಈ ಮಗು ಕಥೆ ಬಿಟ್ಟು ಇಲ್ಲೇ ಕೂತುಬಿಡುತ್ತೆ, ಅದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಕೂರಲಿ ಅಂತ ಜೀವ ಬಡಿದುಕೊಳ್ಳುತ್ತಿತ್ತು.

“ನಮ್ಮನೆ ತುಂಬ ಜನ ಇದ್ದಾರಲ್ಲ, ಎಲ್ಲರಿಗೂ ಸನ್ನೆ ಬರುತ್ತೆ. ಹೋಗು, ಅಮ್ಮ ಕಾಯ್ತಿದ್ದಾಳೆ.”

ಮಗು ನಂಬಿತು. ನೆಮ್ಮದಿಯಿಂದ ಕೈಬೀಸಿ ಹೋಯಿತು.