ಟೇಪಕ್ಕ ತನ್ನ ಅಳತೆ ತಾನೇ ತೆಗೆದುಕೊಂಡದ್ದು

ಕೊರಳಲ್ಲಿ ಅಳತೆಯ ಟೇಪಿಲ್ಲದ ಟೇಪಕ್ಕನನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಊಟಕ್ಕೆ ಕೂತಾಗಲೂ ಅದು ಇರುತ್ತದೆ, ಫೋನಿನಲ್ಲಿ ಜಗಳವಾಡುವಾಗಲೂ ಇರುತ್ತದೆ. ಇಪ್ಪತ್ತಾರು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವ ಈಕೆಗೆ ಎದುರು ಬಂದವರ ಎದೆ, ಸೊಂಟ, ತೋಳುದ್ದ ಮೊದಲು ಕಾಣುತ್ತವೆ. ಮುಖ ಏನಿದ್ದರೂ ಆಮೇಲೆ. ಬ್ಯಾಂಕಿನ ಮ್ಯಾನೇಜರು ಎರಡೇ ತಿಂಗಳಲ್ಲಿ ಸೊಂಟವನ್ನು ಒಂದೂವರೆ ಇಂಚು ಬೆಳೆಸಿಕೊಂಡದ್ದು ಅವರ ಹೆಂಡತಿಗಿಂತ ಮುಂಚೆ ಇವಳಿಗೆ ಗೊತ್ತಾಗಿತ್ತು. ಲೋಕದಲ್ಲಿ ಆಲ್ಟರೇಷನ್ ಆಗದ ವಸ್ತುವೇ ಇಲ್ಲ ಎಂಬುದು ಅವಳ ನಂಬಿಕೆ. ಬಿಗಿಯಾದರೆ ಬಿಡಿಸು, ಸಡಿಲವಾದರೆ ಹಿಡಿ, ಬಿಚ್ಚಿದ್ದನ್ನು ಮಾತ್ರ ಎಸೆಯಬೇಡ. ಹಾಗಾಗಿ ಹೊಲಿಗೆ ಮೆಷಿನ್ನಿನ ಕೆಳಗೆ ಚಿಂದಿ ಚೀಲಗಳು ತುಂಬಿ, ಕಾಲಿಡಲೂ ಜಾಗ ಇರುತ್ತಿರಲಿಲ್ಲ.

ಇಂಥ ಟೇಪಕ್ಕನಿಗೆ ನಲವತ್ತಾರನೇ ವಯಸ್ಸಿನಲ್ಲಿ ಉಳಿದಿದ್ದ ಆಸೆ ಒಂದೇ. ಊರ ಹಿಂದಿನ ಗುಡ್ಡದ ನೆತ್ತಿಯ ಮೇಲಿರುವ ನೀರಿನ ಟ್ಯಾಂಕಿನವರೆಗೆ, ಕಾಲು ನೆಲಕ್ಕೆ ಊರದೆ, ಒಂದೇ ಒಂದು ಸಲ ಸೈಕಲ್ಲಿನಲ್ಲಿ ಹತ್ತಬೇಕು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೊರಡುತ್ತಾಳೆ. ಮೊದಲ ತಿರುವು ದಾಟುತ್ತಾಳೆ, ಎರಡನೆಯದನ್ನು ಹಲ್ಲು ಕಚ್ಚಿ ದಾಟುತ್ತಾಳೆ, ಮೂರನೇ ತಿರುವಿನಲ್ಲಿ ಇಳಿಯುತ್ತಾಳೆ. ಇಳಿಯುವುದೂ ನೆಟ್ಟಗಿಲ್ಲ. ಒಂದು ಕಡೆಗೆ ವಾಲಿ, ಕಾಲ್ಬೆರಳಿನಿಂದ ನೆಲವನ್ನು ತಡಕಾಡಿ, ಸಿಗದೆ, ಕೊನೆಗೆ ಅಲ್ಲಿನ ಬೇಲಿಗೆ ಒರಗಿ ನಿಲ್ಲುತ್ತಾಳೆ. ಅಲ್ಲಿಂದ ಮುಂದಕ್ಕೆ ತಳ್ಳಾಟ.

ಆ ಮೌಂಟನ್ ಬೈಕು ಮೊದಲು ಅಣ್ಣನದು. ಅಣ್ಣ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಆರಡಿ ಎರಡಂಗುಲದ ಆಸಾಮಿ. ಸ್ಕೂಟರ್ ಕೊಂಡ ದಿನ ಸೈಕಲ್ಲನ್ನು ತಂಗಿಗೆ ಕೊಟ್ಟವನು, ಕೊಟ್ಟದ್ದನ್ನು ಒಂದು ವಾರವೂ ಮರೆಯಲಿಲ್ಲ. ಭಾನುವಾರ ಕಾಫಿಗೆ ಬಂದು ಕೂತ ಕೂಡಲೇ ವಿಚಾರಣೆ.

“ಹತ್ತಿದ್ಯಾ?”

“ಮೂರನೇ ತಿರುವು ತನಕ. ಸೈಕಲ್ಲೇ ಯಾಕೋ ಸರಿ ಇಲ್ಲ ಅನ್ಸುತ್ತೆ ಅಣ್ಣ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಇದೇ ಸೈಕಲ್ಲಲ್ಲಿ ನಾನು ವಾರಕ್ಕೆ ಎರಡು ಸಲ ಹತ್ತಿದೀನಿ. ನಿನ್ನ ಕಾಲಲ್ಲಿ ಶಕ್ತಿ ಇಲ್ಲಮ್ಮ. ಹಗಲೆಲ್ಲ ಕೂತು ಹೊಲಿಯೋ ಕಾಲು ಅದು.”

ಅಣ್ಣ ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ದೊಡ್ಡದು. ಆದರೆ ಹನ್ನೊಂದು ವರ್ಷ ಕೇಳಿ ಕೇಳಿ ಟೇಪಕ್ಕ ಆ ಮಾತನ್ನು ನಂಬಿಬಿಟ್ಟಿದ್ದಳು. ಸ್ನಾನದ ಮನೆಯಲ್ಲಿ ಕಾಲಿಗೆ ಸೋಪು ಹಚ್ಚುತ್ತ “ದಂಡದ ಕಾಲುಗಳೇ” ಎಂದು ಬೈದದ್ದೂ ಉಂಟು.

ಈ ಸಲ ಬೇಸಿಗೆಯಲ್ಲಿ ಸೈಕಲ್ಲಿನ ಚೈನು ಜಾರತೊಡಗಿತು. ಬೀದಿ ತುದಿಯ ಸೈಕಲ್ ಅಂಗಡಿಯವರು ಒಂದು ಮಾತಿಗೆ ಎರಡು ಮಾತು ಆಡುವವರಲ್ಲ. “ಇದಕ್ಕೇ ಹೊಸ ಸಾಮಾನು ಹಾಕ್ಬಹುದು. ಇಲ್ಲ, ಬೇರೆ ಸೈಕಲ್ ತಗೋಬಹುದು. ಯಾವುದು ಹೇಳಿ ಅಕ್ಕ,” ಎಂದರು. ಟೇಪಕ್ಕನಿಗೆ ಯೋಚಿಸುವಂಥದ್ದೇನಿದೆ? ಆಲ್ಟರೇಷನ್!

ಹೊಸ ಗೇರು ಬಂತು. ಭಾನುವಾರ ಅವಳು ಗಾಳಿಯಂತೆ ಹೊರಟು, ಮೂರನೇ ತಿರುವಿನಲ್ಲಿ ಇಳಿದಳು. ಹೊಸ ಬ್ರೇಕು ಬಂತು. ಅದು ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಮೂರನೇ ತಿರುವಿನಲ್ಲಿ ನಿಲ್ಲುವುದು ಇನ್ನಷ್ಟು ಸಲೀಸಾಯಿತು. ಕೊನೆಗೆ ಸೀಟನ್ನೂ ಹೊಸದು ಹಾಕಿಸಿ, ಅದಕ್ಕೆ ತಾನೇ ಕೆಂಪು ವೆಲ್ವೆಟ್ಟಿನ ಹೊದಿಕೆ ಹೊಲಿದಳು, ಅಂಚಿಗೆ ಬಿಳಿ ಪೈಪಿಂಗ್ ಕೂಡ ಕೊಟ್ಟಳು. ದಾರಿಯಲ್ಲಿ ಮೂವರು ನಿಂತು ಹೊಗಳಿದರು. ಮೂವರೂ ಮೂರನೇ ತಿರುವಿನಲ್ಲೇ ಸಿಕ್ಕಿದ್ದರು.

ಈಗ ತಲೆ ಗಿರ್ರೆಂದಿತು. ಬೆಳಿಗ್ಗೆ ಎದ್ದರೆ ಹೊಸ ಸೈಕಲ್ಲೇ ಸರಿ ಎನಿಸುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮುಂದಿನ ಶಾಕ್ ಅಬ್ಸಾರ್ಬರ್ ಒಂದು ಬದಲಾಯಿಸಿ ನೋಡೋಣ ಎನಿಸುತ್ತಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಅಭಿಪ್ರಾಯ ಕೇಳಿದಳು. ಮದುಮಗಳೊಬ್ಬಳ ಬ್ಲೌಸಿಗೆ ಎರಡೂ ಎಡತೋಳನ್ನೇ ಕತ್ತರಿಸಿದಳು. ಇಪ್ಪತ್ತಾರು ವರ್ಷದಲ್ಲಿ ಇಂಥದ್ದು ಇದೇ ಮೊದಲು.

ಅಣ್ಣ ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದ. “ಹೊಸದು ತಗೊಂಡ್ರೆ ಹೊಸದರಿಂದ ಇಳೀತೀಯ, ಅಷ್ಟೇ.”

ಟೇಪಕ್ಕ ನಕ್ಕಳು. ಆದರೆ ಆ ಮಾತು ನೆಟ್ಟಗೆ ಹೋಗಿ ನಾಟಿತು. ಹಳೆಯ ಸೈಕಲ್ ಇರುವವರೆಗೆ ದೂರಲಿಕ್ಕೆ ಅದಾದರೂ ಇತ್ತು. ಹೊಸದರಲ್ಲೂ ಇಳಿದುಬಿಟ್ಟರೆ ಉಳಿಯುವುದು ತನ್ನ ಎರಡು ಕಾಲು ಮಾತ್ರ. ಅವಳಿಗಿದ್ದ ಭಯ ಇದೇ.

ಆ ಗುರುವಾರ ಸೈಕಲ್ ಅಂಗಡಿಯವರೇ ಹೊಲಿಗೆ ಅಂಗಡಿಗೆ ಬಂದರು. ಭಾವ ಕೊಟ್ಟಿದ್ದ ಕೋಟೊಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ, ಕೋಟೇ ಅವರನ್ನು ತೊಟ್ಟ ಹಾಗಿತ್ತು.

“ಆಲ್ಟರ್ ಮಾಡಿಕೊಡಿ ಅಕ್ಕ.”

ಟೇಪಕ್ಕ ಒಂದು ಸುತ್ತು ಬಂದು ನೋಡಿದಳು. “ತೋಳು ಚಿಕ್ಕದು ಮಾಡ್ಬಹುದು. ಸೊಂಟ ಹಿಡೀಬಹುದು. ಆದ್ರೆ ಹೆಗಲು ನೋಡಿ, ಎರಡೂವರೆ ಇಂಚು ಆಚೆ ಬಿದ್ದಿದೆ. ಇದು ನಿಮ್ಮ ಭಾವನ ಹೆಗಲು. ಗುಂಡಿ ಬದಲಾಯಿಸಿ, ಲೈನಿಂಗ್ ಬದಲಾಯಿಸಿ, ಬಂಗಾರದ ದಾರದಲ್ಲೇ ಹೊಲೀರಿ, ನಿಮಗೆ ಕೂರಲ್ಲ. ಬೇರೆಯವರ ಹೆಗಲು ಹಾಕ್ಕೊಂಡು...”

ಅವಳ ಮಾತು ಅಲ್ಲಿಗೆ ನಿಂತಿತು. ಬಾಗಿಲಾಚೆ ಗೋಡೆಗೆ ಒರಗಿ, ಕೆಂಪು ವೆಲ್ವೆಟ್ ತೊಟ್ಟುಕೊಂಡು, ಆರಡಿ ಎರಡಂಗುಲದವನ ಸೈಕಲ್ ನಿಂತಿತ್ತು.

“ಅಯ್ಯೋ!” ಎಂದು ಅವಳು ಕೂಗಿದ ಕೂಗಿಗೆ ಸೈಕಲ್ ಅಂಗಡಿಯವರು ಕೋಟು ಕಳಚಿ ಮೂಲೆಗೆ ಹೋಗಿ ನಿಂತರು. “ಸೈಕಲ್ಲಿಗೂ ಅಳತೆ ಇರುತ್ತಾ?”

“ಇರುತ್ತಲ್ಲ. ಕಾಲಿನ ಒಳಗಿನ ಉದ್ದ ನೋಡಿ ಫ್ರೇಮು.”

“ನನಗೆಷ್ಟು?”

“ನಿಮ್ಮ ಅಳತೆ ನಿಮಗೆ ಗೊತ್ತಿಲ್ವಾ?”

ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಊರವರ ಅಳತೆಯೆಲ್ಲ ಆರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟವಳು ತನ್ನ ಬಟ್ಟೆಯನ್ನು ಮಾತ್ರ ಹಳೆಯದರ ಮೇಲೆ ಹೊಸದಿಟ್ಟು ಕತ್ತರಿಸಿಕೊಂಡು ಬಂದಿದ್ದಳು. ಈಗ ಆ ನೋಟ್‌ಬುಕ್ಕುಗಳಲ್ಲಿ ದಪ್ಪನೆಯದೊಂದನ್ನು ಹಿಡಿದು ಟ್ರಯಲ್ ರೂಮಿಗೆ ನುಗ್ಗಿದಳು. ಅಂಗಡಿಯವರು ಮುಖ ಬೀದಿ ಕಡೆ ತಿರುಗಿಸಿಕೊಂಡು ಪರದೆಯಾಚೆಯಿಂದ ಹೇಳಿಕೊಟ್ಟರು: “ಗೋಡೆಗೆ ಬೆನ್ನು ಕೊಡಿ. ಪುಸ್ತಕ ಕಾಲಿನ ಮಧ್ಯೆ ಇಟ್ಟು ಮೇಲಕ್ಕೆ ಒತ್ತಿ. ಅಲ್ಲಿಂದ ನೆಲಕ್ಕೆ ಎಷ್ಟು?”

“ಇಪ್ಪತ್ತೇಳು ಮುಕ್ಕಾಲು!”

“ಹಾಗಾದ್ರೆ ಹದಿನೈದು ಇಂಚಿನ ಫ್ರೇಮು ಬೇಕು. ನಿಮ್ಮ ಸೈಕಲ್ಲಿಂದು ಇಪ್ಪತ್ತೊಂದು.”

ಪರದೆ ಸರ್ರೆಂದು ಸರಿಯಿತು. “ಆರಿಂಚು! ಇಷ್ಟು ವರ್ಷ ಯಾಕ್ರೀ ಹೇಳಲಿಲ್ಲ?”

“ಗೇರು ಹಾಕಿ ಅಂದ್ರಿ, ಹಾಕಿದೆ. ಗುಂಡಿ ಹಾಕಿ ಅಂತ ಬಂದವರ ಹೆಗಲು ನೋಡ್ತೀರಾ ನೀವು?”

“ನೋಡ್ತೀನಿ!”

“ನಾನು ನೋಡಲಿಲ್ಲ. ತಪ್ಪಾಯ್ತು,” ಎಂದು ಅವರು ತಲೆ ಕೆರೆದುಕೊಂಡರು. ಟೇಪಕ್ಕನಿಗೆ ಸಿಟ್ಟು ಬಂತು, ಅಳು ಬಂತು, ಎರಡನ್ನೂ ಮೀರಿ ನಗು ಬಂತು. ನೆಲ ನಿಜವಾಗಿಯೂ ಡೊಂಕಾಗಿತ್ತಲ್ಲ!

ಸೈಕಲ್ ಅಂಗಡಿಯ ಮಾಡಿಗೆ ಹದಿನೈದರ ಖಾಲಿ ಫ್ರೇಮೊಂದು ಎರಡು ವರ್ಷದಿಂದ ನೇತಾಡುತ್ತಿತ್ತು. ಶನಿವಾರದೊಳಗೆ ಹೊಸ ಗೇರು, ಹೊಸ ಬ್ರೇಕು, ವೆಲ್ವೆಟ್ ಸೀಟು ಎಲ್ಲ ಅದಕ್ಕೆ ವರ್ಗವಾದವು. ಚಕ್ರ, ಹ್ಯಾಂಡಲ್ಲು, ಪೆಡಲುಗಳನ್ನು ಹೊಸದಾಗಿ ಹಾಕಿದರು. ಹಳೆಯ ಫ್ರೇಮಿಗೆ ಬೇಕಾದ ಹಳೆಯ ಗೇರು, ಬ್ರೇಕು, ಸೀಟು ಟೇಪಕ್ಕನ ಮೆಷಿನ್ನಿನ ಕೆಳಗಿನ ಚಿಂದಿ ಚೀಲದಿಂದಲೇ ಹೊರಬಂದವು, ಹೊಸ ಚೈನೊಂದು ಬಿದ್ದ ಮೇಲೆ ಅಣ್ಣನ ಸೈಕಲ್ಲೂ ಮೊದಲಿನಂತಾಯಿತು. ಹಾವೂ ಸತ್ತಿತು, ಕೋಲೂ ಉಳಿಯಿತು.

ಭಾನುವಾರ ಕಾಫಿಗೆ ಬಂದ ಅಣ್ಣನಿಗೆ ಅಂಗಳದಲ್ಲಿ ಎರಡು ಸೈಕಲ್ಲು ಕಂಡವು.

“ಇದು ನಿಂದು,” ಎಂದಳು ಟೇಪಕ್ಕ. “ನಡಿ, ಹೇಗೆ ಹತ್ತೋದು ತೋರಿಸು.”

“ಓಹೋ, ತೋರಿಸ್ತೀನಿ!” ಅಣ್ಣ ಪ್ಯಾಂಟಿನ ಕಾಲು ಮಡಚಿದ. ಸ್ಕೂಟರಿನ ಹನ್ನೊಂದು ವರ್ಷ ಅವನ ಹೊಟ್ಟೆಯ ಮೇಲೆ ಬರೆದಿದ್ದು ಅವನಿಗೆ ಕಾಣುತ್ತಿರಲಿಲ್ಲ, ಟೇಪಕ್ಕನಿಗೆ ಇಂಚು ಸಮೇತ ಕಾಣುತ್ತಿತ್ತು.

ಮೊದಲ ತಿರುವಿನಲ್ಲಿ ಅಣ್ಣ ಮುಂದಿದ್ದ. ಎರಡನೆಯದರಲ್ಲಿ ಅವನ ಉಸಿರು ಮುಂದಿತ್ತು, ಅವನು ಹಿಂದಿದ್ದ. ಅದಾದ ಮೇಲೆ ಟೇಪಕ್ಕ ತಿರುಗಿ ನೋಡಲಿಲ್ಲ. ಪೆಡಲು ತಾನಾಗಿ ಕಾಲಿನ ಕೆಳಗೆ ಬರುತ್ತಿತ್ತು, ಹ್ಯಾಂಡಲ್ಲು ಕೈಯಳತೆಯಲ್ಲೇ ಇತ್ತು. ತೊಡೆ ಉರಿಯಿತು, ಎದೆ ಡಬಡಬ ಬಡಿಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಬೇಲಿ ಬರಲಿ, ಆಮೇಲೆ ನೋಡೋಣ ಎಂದುಕೊಂಡು ತುಳಿಯುತ್ತಲೇ ಇದ್ದವಳ ಮುಂದೆ ನೀರಿನ ಟ್ಯಾಂಕಿನ ಸಿಮೆಂಟು ಕಂಬ ಬಂದು ನಿಂತಿತು. ಬೇಲಿ ಎಲ್ಲಿ ಹೋಯಿತೋ ಅವಳು ಗಮನಿಸಿರಲೇ ಇಲ್ಲ.

ಅವಳು ಕಂಬಕ್ಕೆ ಎರಡು ಸುತ್ತು ಬಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು, ನಗುತ್ತಲೇ ಒಂದಿಷ್ಟು ಅತ್ತಳು. ಹನ್ನೊಂದು ವರ್ಷ ಬೈಸಿಕೊಂಡ ಕಾಲುಗಳನ್ನು ಕೈಯಿಂದ ತಟ್ಟಿದಳು. ಆಮೇಲೆ ಹ್ಯಾಂಡಲ್ ತಿರುಗಿಸಿ, ಬಂದ ದಾರಿಯಲ್ಲೇ ಕೆಳಕ್ಕೆ ಬಿಟ್ಟಳು.

ನಾಲ್ಕನೇ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಅಣ್ಣ ಎದುರಾದ.

“ನಿನ್ನ ಕಾಲಲ್ಲಿ ಶಕ್ತಿ ಇತ್ತಮ್ಮ,” ಎಂದ ಏದುಸಿರಿನಲ್ಲಿ. “ನಾನೇ ಸುಮ್ನೆ ಏನೇನೋ... ಇರು, ಎಲ್ಲಿಗೆ ಹೊರಟೆ? ಯಾಕೆ ಇಳೀತಿದೀಯ?”

“ಮತ್ತೆ ಹತ್ತೋಕೆ!”